ತಂಗಿಯ ಕೋಟೆ, ಅಕ್ಕ ಅಡ್ಮಿನ್

"ನನ್ ಕೋಟೆ ಸುಟ್ಟಾಕ್ಬುಟ್ರು ಮೇಡಂ. ನ್ಯಾಯ ಬೇಕು."

ಹೋದ ತಿಂಗಳು ಒಂದು ಬೆಳಗ್ಗೆ ನಮ್ಮ ಕನ್ನಡಕದ ಅಂಗಡಿಯ ಬಾಗಿಲಲ್ಲಿ ನಿಂತು ಒಬ್ಬರು ಹೀಗೆಂದರು. ಒಳಗೆ ಕಣ್ಣು ಟೆಸ್ಟ್ ಮಾಡಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಮೂಗಿನ ಮೇಲಿನ ಟೆಸ್ಟ್ ಫ್ರೇಮ್ ಸಮೇತ ಗಾಬರಿಯಿಂದ ತಿರುಗಿದರು. ಮಧುಗಿರಿಯವರಿಗೆ ಕೋಟೆ ಅಂದರೆ ತಲೆ ಎತ್ತಿದರೆ ಕಾಣುವ ಆ ಬಂಡೆಬೆಟ್ಟವೇ. ಅದನ್ನು ಯಾರು ಸುಟ್ಟರು? ಹೇಗೆ ಸುಟ್ಟರು?

"ಪೊಲೀಸ್ ಕಂಪ್ಲೇಂಟ್ ಕೊಟ್ರೇನಪ್ಪ?" ಅಂತ ಹಿರಿಯರು ಕೇಳಿದರು.

"ಪೊಲೀಸ್ನೋರು ಏನ್ ಮಾಡ್ತಾರೆ ಸಾರ್? ಮಾಡಿದ್ರೆ ಇವ್ರೇ ಮಾಡ್ಬೇಕು. ಇವ್ರೇ ಅಡ್ಮಿನ್ನು."

ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕನ್ನಡಕ ಮಾರುವ ಹೆಂಗಸಿಗೆ ಇಂಥದ್ದೊಂದು ಅಧಿಕಾರ ಇರುವುದು ಅವರಿಗೆ ಗೊತ್ತಿರಲಿಲ್ಲ. (ನಮ್ಮ ಯಜಮಾನರಿಗೂ ಬಹಳ ದಿನ ಗೊತ್ತಿರಲಿಲ್ಲ, ಬಿಡಿ.)

ಬಂದವರ ಹೆಸರು ಇಮ್ತಿಯಾಜ್. ಸಿರಾದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರ್ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹೊಯ್ದು ಒಣಗಲು ಇಡುತ್ತಾರೆ. ಆ ವಾರ್ನಿಶ್ ಒಣಗುವವರೆಗೆ ಕೂತು ಮೊಬೈಲಿನಲ್ಲಿ ರಾಜ್ಯ ಆಳುತ್ತಾರೆ. ಇಷ್ಟು ದಿನ ನನಗೆ ಅವರ ಕೋಟೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಈ ಆಟದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ, ನಮ್ಮ ಯಾರ ನಾಲಿಗೆಯಲ್ಲೂ ಅದು ಹೊರಳುವುದಿಲ್ಲ. ಹಾಗಾಗಿ ಕೋಟೆಯಾಟ ಅಂತೀವಿ. ಪ್ರತಿಯೊಬ್ಬರಿಗೂ ಒಂದು ಕೋಟೆ. ಕಾಳು ಬೆಳೆಯಬೇಕು, ಗೋಡೆ ಎತ್ತಬೇಕು, ಸೈನ್ಯ ಕಟ್ಟಬೇಕು. ಪಕ್ಕದವರ ಜೊತೆ ಸ್ನೇಹ ಮಾಡಬಹುದು, ಇಲ್ಲವೇ ರಾತ್ರೋರಾತ್ರಿ ಅವರ ಕಣಜ ದೋಚಬಹುದು. (ಹೆಚ್ಚಿನವರು ಎರಡನ್ನೂ ಮಾಡುತ್ತಾರೆ.) ಬೇಕಾದವರು ಸೇರಿ ತಮ್ಮದೇ ಒಂದು ಸೀಮೆ ತೆರೆಯಬಹುದು. ನಮ್ಮ ಸೀಮೆಯಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದವರೇ ತುಂಬಿದ್ದಾರೆ. ಬಿತ್ತನೆ ಬೀಜದ ಅಂಗಡಿಯವರಿದ್ದಾರೆ, ಮೇಷ್ಟ್ರಿದ್ದಾರೆ, ಕುರಿ ನೆರಳಿಗೆ ಮಲಗಿದ ಹೊತ್ತಿನಲ್ಲಿ ಸೈನ್ಯ ಕಳಿಸುವ ಬರಗೂರಿನ ಕುರಿಗಾಹಿಗಳಿದ್ದಾರೆ.

ಪ್ರತಿ ಸೀಮೆಗೂ ಒಬ್ಬರು ಅಡ್ಮಿನ್. ನಿಯಮ ಮಾಡುವುದು, ತಕರಾರು ಕೇಳುವುದು, ಮೋಸ ಮಾಡಿದವರ ಕೋಟೆ ತೆಗೆಯುವುದು ಅವರ ಕೆಲಸ. ಅಡ್ಮಿನ್‌ಗೆ ಎಲ್ಲವೂ ಕಾಣುತ್ತದೆ. ಯಾರ ಕಣಜದಲ್ಲಿ ಎಷ್ಟು ಕಾಳಿದೆ, ಯಾರ ಸೈನ್ಯ ಯಾವ ದಾರಿಯಲ್ಲಿ ಹೊರಟಿದೆ, ಯಾರು ಯಾರಿಗೆ ಕೈ ಕೊಡಲಿದ್ದಾರೆ, ಎಲ್ಲ.

ಎಲ್ಲರ ಎಲೆ ನೋಡಿದವರು ಇಸ್ಪೀಟು ಆಡಬಹುದೇ?

ಹಿಂದಿನ ಅಡ್ಮಿನ್ ಆಡುತ್ತಿದ್ದರು. ಅವರ ಕೋಟೆ ಒಮ್ಮೆಯೂ ಬೀಳಲಿಲ್ಲ. ಯಾಕೆ ಅಂತ ನೀವೂ ಕೇಳಬೇಡಿ, ನಾನೂ ಹೇಳುವುದಿಲ್ಲ. ದೊಡ್ಡ ಗಲಾಟೆಯಾಗಿ ಅವರು ಬಿಟ್ಟುಹೋದಾಗ, ಮುಂದೆ ಯಾರು ಅನ್ನುವ ಮಾತು ಬಂತು. ನನ್ನ ಹೆಸರು ಹೇಳಿದರು. ಯಾಕಂತೆ ಗೊತ್ತೇ? "ಸೋತಾಗ ಗ್ರೂಪಲ್ಲಿ ಕಿರುಚಾಡದೇ ಇರೋರು ಇವ್ರೊಬ್ರೇ." ನನ್ನ ಜೀವನದಲ್ಲಿ ನನಗೆ ಸಿಕ್ಕಿದ ಅತಿ ದೊಡ್ಡ ಹುದ್ದೆ ಸೋಲಿನಿಂದ ಸಿಕ್ಕಿದ್ದು!

ಒಪ್ಪಿಕೊಂಡೆ. ಒಪ್ಪಿಕೊಂಡ ದಿನವೇ ನನ್ನ ಕೋಟೆಯನ್ನು ನಾನೇ ತೆಗೆದೆ. ಹುಣಸೆಕೋಟೆ ಅಂತ ಅದರ ಹೆಸರು. ಸೀಮೆಯ ನಡುವೆ ಹರಿಯುವ ಹೊಳೆಯ ಈ ದಡದಲ್ಲಿತ್ತು.

ಆ ದಡದಲ್ಲಿ ತಂಗಡಿಗುಡ್ಡ. ಅದು ನನ್ನ ತಂಗಿ ಸುಮಾಳ ಕೋಟೆ.

ಇಮ್ತಿಯಾಜ್ ಅವರು ಅಂಗಡಿಯ ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ದೂರು ಶುರು ಮಾಡಿದರು.

"ತಂಗಡಿಗುಡ್ಡ, ಗೂಳಿಬೆಟ್ಟ ಅಂತ ಎರಡು ಕೋಟೆ ಅವೆ ಮೇಡಂ. ಎರಡೂ ಒಂದೇ ಕೈ ಆಡ್ತೈತೆ. ನಾನು ಈ ಕಡೆ ಬಾಗ್ಲು ಹಾಕಿದ್ರೆ ಆ ಕಡೆಯಿಂದ ಬತ್ತಾರೆ. ಆ ಕಡೆ ಹಾಕಿದ್ರೆ ಈ ಕಡೆಯಿಂದ. ಒಬ್ರಿಗೆ ಗೊತ್ತಾಗಿದ್ದು ಇನ್ನೊಬ್ರಿಗೆ ತಕ್ಷಣ ಗೊತ್ತಾಯ್ತದೆ. ಇಬ್ರು ಸೇರಿ ಹೊಡೆದ್ರೆ ನಂಗೇನೂ ಬೇಜಾರಿಲ್ಲ. ಒಬ್ರೇ ಇಬ್ರಾಗಿ ಹೊಡೆದ್ರೆ ಇನ್ಸಾಫ್ ಎಲ್ಲೈತೆ ಹೇಳ್ರಿ?"

ಒಂದು ಕೈಗೆ ಒಂದೇ ಕೋಟೆ. ನಮ್ಮ ಸೀಮೆಯ ಮೊದಲ ನಿಯಮ ಅದು. ಬರೆದವಳು ನಾನೇ.

"ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ ಇಮ್ತಿಯಾಜಣ್ಣ," ಅಂದೆ. "ತಂಗಡಿಗುಡ್ಡ ನನ್ನ ಸ್ವಂತ ತಂಗೀದು."

ಅವರು ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಅಕ್ಷರದ ಚಾರ್ಟನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ನಿಂತರು.

"ಅಂಗಾದ್ರೆ ಬಸ್ ಚಾರ್ಜ್ ದಂಡ ಆಯ್ತು. ಬತ್ತೀನಿ ಮೇಡಂ."

ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಇದು ಹೀಗೇ ಅಲ್ಲವೇ ಅನ್ನುವ ಹಾಗೆ ಹೇಳಿದರು. ನನಗೆ ಚುಚ್ಚಿದ್ದು ಅದೇ. ಜಗತ್ತು ನಡೆಯುವ ರೀತಿ ಇವರಿಗೆ ಎಷ್ಟು ರೂಢಿಯಾಗಿಹೋಗಿದೆ ನೋಡಿ!

"ನೀವೂ ಬನ್ನಿ," ಅಂದೆ. "ಭಾನುವಾರ ಪಾವಗಡಕ್ಕೆ, ಅವಳ ಮನೆಗೇ ಹೋಗೋಣ. ನಿಮ್ಮೆದುರಿಗೇ ಕೇಳ್ತೀನಿ."

ಅವರು ಹೋದ ಮೇಲೆ ಅಡ್ಮಿನ್ ಪರದೆ ತೆರೆದು ನೋಡಿದೆ. ಇಮ್ತಿಯಾಜ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಂಗಡಿಗುಡ್ಡ ಕಣ್ಣು ಮುಚ್ಚಿದ ಕೂಡಲೇ ಗೂಳಿಬೆಟ್ಟ ಕಣ್ಣು ತೆರೆಯುತ್ತಿತ್ತು. ಎರಡೂ ಒಟ್ಟಿಗೆ ಎಚ್ಚರವಿದ್ದದ್ದೇ ಇಲ್ಲ. ಒಂದರ ಮೇಲೊಂದು ಕೈ ಎತ್ತಿದ್ದೂ ಇಲ್ಲ. ಗೂಳಿಬೆಟ್ಟ ಯಾರದು ಅಂತ ನನಗೆ ಗೊತ್ತಿರಲಿಲ್ಲ. ಬಂದು ವರ್ಷವೂ ಆಗಿರಲಿಲ್ಲ, ಆದರೆ ಏನು ಆಟ! ಅಕ್ಕಪಕ್ಕ ನೋಡದೆ ನುಗ್ಗುವ ಆಟ. ಸುಮಾಳ ಆಟ ಹಾಗಲ್ಲ. ಅವಳು ಕಾಯುವವಳು.

ಅವಳ ಆಟ ನನಗೆ ಗೊತ್ತಿಲ್ಲವೇ? ನಮ್ಮ ಊರು ದೊಡ್ಡೇರಿ ಹೋಬಳಿಯ ಒಂದು ಹಳ್ಳಿ. ಮನೆಯ ಹಿಂದೆ ಒಂದು ಅಗಲದ ಬಂಡೆ. ಅದರ ಮೇಲೆ ಯಾರೋ ಯಾವ ಕಾಲದಲ್ಲೋ ಹುಲಿ-ಕುರಿ ಆಟದ ಮನೆ ಕೊರೆದಿದ್ದರು. ರಜೆ ಬಂತೆಂದರೆ ನಾವಿಬ್ಬರೂ ಅಲ್ಲೇ. ಹುಲಿಗೆ ಬೆಣಚುಕಲ್ಲು, ಕುರಿಗೆ ಹುಣಸೆಬೀಜ. ನನಗೆ ಯಾವಾಗಲೂ ಹುಲಿಯೇ ಬೇಕು. ಅವಳಿಗೆ ಯಾವಾಗಲೂ ಕುರಿ.

"ಹುಲಿ ತಗಳೇ ಒಂದ್ಸಲ," ಅಂದರೆ, "ಬ್ಯಾಡಕ್ಕ, ಕುರಿ ಆದ್ರೆ ಜಾಸ್ತಿ ಇರ್ತವೆ, ಬೇಜಾರಾಗಲ್ಲ," ಅನ್ನುತ್ತಿದ್ದಳು.

ಮದುವೆಯಾಗಿ ನಾನು ಮಧುಗಿರಿಗೆ ಬಂದೆ, ಅವಳು ಪಾವಗಡಕ್ಕೆ ಹೋದಳು. ಫೋನಿನಲ್ಲಿ ಮಾತಾಡುತ್ತೇವೆ, ಇಲ್ಲ ಅಂತಲ್ಲ. ಆದರೆ ಅಕ್ಕತಂಗಿಯರ ಫೋನ್ ಮಾತು ನಿಮಗೆ ಗೊತ್ತಲ್ಲ? ಊಟ ಆಯ್ತಾ, ಏನ್ ಸಾರು, ಮಕ್ಕಳ ಎಕ್ಸಾಮ್ ಯಾವಾಗ. ಅತ್ತ ಯಾರೋ ಕರೆಯುತ್ತಾರೆ. ಇತ್ತ ಕುಕ್ಕರ್ ಕೂಗುತ್ತದೆ. ಸರಿ ಇಡ್ಲಾ, ಇಡು.

ಕೋಟೆಯಾಟದಲ್ಲಿ ಹಾಗಿರಲಿಲ್ಲ. ಅಲ್ಲಿ ಪಕ್ಕದ ಕೋಟೆಗೆ ಕಾಳು ಕಳಿಸುವಾಗ ಜೊತೆಗೊಂದು ಪುಟ್ಟ ಓಲೆ ಕಳಿಸಬಹುದು. ಎರಡೇ ಸಾಲು ಹಿಡಿಸುತ್ತದೆ. ಸುಮಾ ಬರೆಯುತ್ತಿದ್ದಳು: "ಅಕ್ಕ, ಕಾಳು ಕಳಿಸೀನಿ. ಇವತ್ತು ಯಾಕೋ ಅವ್ವನ ನೆನಪು." ಇನ್ನೊಂದು ದಿನ: "ಬಿಲ್ಲುಗಾರರು ಬರ್ತಾವ್ರೆ, ಊಟಕ್ಕಿಡು. ಮನೇಲಿ ಇವತ್ತು ಯಾರೂ ನನ್ನ ಮಾತಾಡಿಸ್ಲಿಲ್ಲ." ಫೋನಿನಲ್ಲಿ ಸಾಯುವವರೆಗೂ ಹೇಳದ ಮಾತನ್ನು ಅವಳು ಕಾಳಿನ ಮೂಟೆಯ ಜೊತೆ ಕಳಿಸುತ್ತಿದ್ದಳು. ನಾನೂ ಹಾಗೆಯೇ ಕಳಿಸುತ್ತಿದ್ದೆ. ನಾನೇನು ಬರೆಯುತ್ತಿದ್ದೆ ಅನ್ನುವುದು ನಿಮಗೆ ಬೇಡ.

ಅಡ್ಮಿನ್‌ಗೆ ಕೋಟೆಯಿಲ್ಲ. ಕೋಟೆಯಿಲ್ಲದವರಿಗೆ ಓಲೆ ಬರುವುದಿಲ್ಲ. ಹುಣಸೆಕೋಟೆ ತೆಗೆದ ದಿನ ನಾನು ಬಿಟ್ಟುಕೊಟ್ಟದ್ದು ಕೋಟೆಯನ್ನಲ್ಲ ಅಂತ ಗೊತ್ತಾಗಲು ನನಗೆ ಒಂದು ವಾರವೂ ಬೇಕಾಗಲಿಲ್ಲ. ಅಷ್ಟು ದೊಡ್ಡ ಸೀಮೆಯಲ್ಲಿ ಎಲ್ಲರ ಗುಟ್ಟೂ ನನಗೆ ಕಾಣುತ್ತದೆ. ನನಗೇ ಅಂತ ಬರೆದ ಎರಡು ಸಾಲು ಮಾತ್ರ ಇಲ್ಲ.

ಶನಿವಾರ ಸುಮಾಳಿಗೆ ಫೋನ್ ಮಾಡಿದೆ. ವಿಷಯ ಹೇಳಲಿಲ್ಲ. ಬೇರೆ ಯಾರ ಮೇಲಾದರೂ ದೂರು ಬಂದರೆ ಇಬ್ಬರನ್ನೂ ಎದುರೆದುರು ಕೂರಿಸಿ ಕೇಳುತ್ತೇನೆ, ಒಬ್ಬರಿಗೆ ಮೊದಲೇ ಸುಳಿವು ಕೊಡುವುದಿಲ್ಲ. ತಂಗಿಗೆ ಮಾತ್ರ ಕೊಡಲೇ? "ನಾಳೆ ಬರ್ತಿದೀನಿ. ಜೊತೇಲಿ ಒಬ್ರು ಬರ್ತಾರೆ, ಆಟದ ವಿಷಯ ಮಾತಾಡೋದಿದೆ," ಅಂತಷ್ಟೇ ಅಂದೆ.

"ನೀನು ಬತ್ತೀಯಾ?" ಅವಳ ದನಿಯೇ ಏರಿಹೋಯಿತು. "ನಿಜವಾಗ್ಲೂ? ಎಷ್ಟ್ ದಿನ ಆಯ್ತಕ್ಕ ನೀನು ಬಂದು! ಹೋಳಿಗೆ ಮಾಡ್ತೀನಿ. ಬ್ಯಾಡ ಅನ್ಬ್ಯಾಡ."

ಆಟದ ವಿಷಯ ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

ಭಾನುವಾರ ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಇಮ್ತಿಯಾಜ್ ನನಗಿಂತ ಮೊದಲೇ ಬಂದು ನಿಂತಿದ್ದರು. ಕೈಯಲ್ಲೊಂದು ಬಾಳೆಹಣ್ಣಿನ ಚಿಪ್ಪು. "ದೂರು ಕೊಡೋಕೆ ಬಂದ್ರೂ ಮನೆಗೆ ಬರಿಗೈಲಿ ಹೋಗ್ಬಾರ್ದಲ್ಲ ಮೇಡಂ," ಅಂದರು. ಸುಮಾಳ ಮನೆಯಲ್ಲಿ ಹೂರಣದ ವಾಸನೆ ಬೀದಿಗೇ ಬರುತ್ತಿತ್ತು. ಅವಳ ಗಂಡ ಸೋಲಾರ್ ಪ್ಲಾಂಟಿನ ಡ್ಯೂಟಿಗೆ ಹೋಗಿದ್ದರು. ನಡುಮನೆಯ ಮಂಚದ ಮೇಲೆ ಅವಳ ಅತ್ತೆ ನರಸಮ್ಮನವರು ದಿಂಬಿಗೆ ಒರಗಿ ಕೂತಿದ್ದರು.

ನರಸಮ್ಮನವರಿಗೆ ಹೋದ ವರ್ಷ ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಬಿದ್ದುಹೋಗಿ, ಮಾತೂ ನಿಂತುಹೋಗಿತ್ತು. ಆಗ ನಾನು ಬಂದು ನೋಡಿಕೊಂಡು ಹೋಗಿದ್ದೆ. ಕಣ್ಣಷ್ಟೇ ಆಡಿಸುತ್ತಿದ್ದರು. ಈಗ ನೋಡಿದರೆ ಮುಖದಲ್ಲಿ ಕಳೆ ಇದೆ!

"ರಾಮ್ಮಾ, ಕೂಚೋ," ಅಂದರು. ಬಾ, ಕೂತ್ಕೋ ಅಂತ. ಪಾವಗಡದ ಕಡೆ ಮನೆಮಾತಿನಲ್ಲಿ ತೆಲುಗು ಬೆಲ್ಲದ ಹಾಗೆ ಬೆರೆತಿರುತ್ತದೆ. ಮಾತು ತುಸು ಎಳೆಯುತ್ತಿತ್ತು, ಆದರೆ ಸ್ಪಷ್ಟವಾಗಿತ್ತು.

ನಾವು ಕೂತೆವು. ಇಮ್ತಿಯಾಜ್ ಯಾರು ಅಂತ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ನರಸಮ್ಮನವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಏಯ್ ಸುಮಾ, ಆ ಸಿರಾ ನನ್ಮಗ ಮತ್ತೆ ಗೋಡೆ ಎತ್ತವ್ನೇನೋ ನೋಡೇ! ಎತ್ತಿದ್ರೆ ಇವತ್ತೇ ಹೊಡ್ದಾಕಣ."



ಇಮ್ತಿಯಾಜ್ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡೇ ಎದ್ದು ನಿಂತರು. "ನಾನೇ ಅಮ್ಮ ಆ ಸಿರಾ ನನ್ಮಗ," ಅಂದರು.

ನರಸಮ್ಮನವರು ಅವರನ್ನು ಚೆನ್ನಾಗಿ ದಿಟ್ಟಿಸಿದರು. "ನೀನೇನಾ? ಮೂರು ಸುತ್ತು ಗೋಡೆ ಕಟ್ಟಿ ಹಿತ್ಲ ಬಾಗ್ಲು ತೆಗ್ದಿಟ್ಟಿದ್ದೀಯಲ್ಲೋ, ಬುದ್ಧಿ ಉಂದಾ ನಿನಗೆ?"

ಇಮ್ತಿಯಾಜ್ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ಸುಮಾಳಿಗೂ ಬರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಯಾಕೆ ಬಂದಿದ್ದೇನೆ ಅಂತ ಆ ಕ್ಷಣ ಅವಳಿಗೆ ಅರ್ಥವಾಯಿತು. ಹೋಳಿಗೆಗೋಸ್ಕರ ಅಲ್ಲ.

ನಾನು ಇಮ್ತಿಯಾಜ್ ಅವರ ದೂರನ್ನು ಅವರೆದುರೇ ಹೇಳಿದೆ. ಕೇಳಿದೆ. "ಗೂಳಿಬೆಟ್ಟ ಅತ್ತೇದಾ ಸುಮಾ?"

"ಅತ್ತೇದೇ ಕಣಕ್ಕ. ಅತ್ತೆ ಹೇಳ್ತಾರೆ, ನಾನು ಒತ್ತುತೀನಿ."

ಆಮೇಲೆ ಅವಳೇ ಎಲ್ಲ ಹೇಳಿದಳು. ಲಕ್ವ ಹೊಡೆದ ಮೇಲೆ ಅತ್ತೆ ಗೋಡೆ ನೋಡಿಕೊಂಡೇ ಮಲಗಿರುತ್ತಿದ್ದರಂತೆ. ತಲೆಗೆ ಏನಾದರೂ ಕೆಲಸ ಕೊಡುತ್ತಿರಿ ಅಂತ ಡಾಕ್ಟರ್ ಹೇಳಿದ್ದರು. ಏನು ಕೆಲಸ ಕೊಡುವುದು? ಟಿವಿ ಹಾಕಿದರೆ ಕಣ್ಣು ಮುಚ್ಚುತ್ತಿದ್ದರು. ದೇವರನಾಮ ಹಾಕಿದರೂ ಅಷ್ಟೇ. ಸುಮಾ ಪಕ್ಕದಲ್ಲಿ ಕೂತು ತನ್ನ ಕೋಟೆ ಆಡುವಾಗ ಮಾತ್ರ ಕಣ್ಣು ಪರದೆಯ ಕಡೆಗೆ ಬರುತ್ತಿತ್ತು. ಒಂದು ದಿನ ಶತ್ರುವಿನ ಸೈನ್ಯ ಹೊಳೆ ದಾಟುತ್ತಿತ್ತು. ಇವಳು ತನ್ನ ಅಭ್ಯಾಸದಂತೆ ಕಾಯುತ್ತಿದ್ದಳು. ಆಗ ಹಿಂದಿನಿಂದ ಒಂದು ಮಾತು ಬಂತು.

"ಹೊಡಿ."

ಎಷ್ಟೋ ತಿಂಗಳ ಮೇಲೆ ನರಸಮ್ಮನವರ ಬಾಯಿಂದ ಹೊರಟ ಮೊದಲ ಮಾತು ಅದು. ಮಗನ ಹೆಸರಲ್ಲ, ದೇವರ ಹೆಸರಲ್ಲ. ಹೊಡಿ! ಸುಮಾ ಫೋನ್ ಬಿಸಾಡಿ ಅತ್ತೆಯನ್ನು ತಬ್ಬಿಕೊಂಡು ಅತ್ತಳಂತೆ. ಅತ್ತೆ ಎಡಗೈಯಲ್ಲಿ ಅವಳನ್ನು ಪಕ್ಕಕ್ಕೆ ತಳ್ಳಿ ಮತ್ತೆ "ಹೊಡಿ" ಅಂದರಂತೆ. ಸೈನ್ಯ ಅಷ್ಟರಲ್ಲಿ ಕಣಜಕ್ಕೆ ಬಂದಿತ್ತು.

ಮಾರನೆಯ ದಿನವೇ ಮನೆಯಲ್ಲಿದ್ದ ಹಳೆಯ ಫೋನಿನಲ್ಲಿ ಗೂಳಿಬೆಟ್ಟ ಎದ್ದಿತು. ಒಂದೊಂದು ಗೋಡೆಗೆ ಒಂದೊಂದು ಮಾತಿನಂತೆ ಆ ಹೆಂಗಸು ತನ್ನ ಮಾತನ್ನು ವಾಪಸು ಗೆದ್ದುಕೊಂಡಿದ್ದರು.

"ನನಗೆ ಯಾಕೆ ಹೇಳ್ಲಿಲ್ಲ ನೀನು?" ಅಂದೆ.

"ಯಾರಿಗೆ ಹೇಳ್ಲಿ? ಅಕ್ಕಂಗಾ, ಅಡ್ಮಿನ್‌ಗಾ?"



ಇಮ್ತಿಯಾಜ್ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. "ಮೇಡಂ, ನನ್ ಕೇಸ್ ವಾಪಸ್ ತಗೊಂಡ್ಬುಟ್ಟೆ. ನಮ್ಮಮ್ಮನೂ ಇಂಗೇ ಮಲಗಿದ್ರು, ಅವ್ರಿಗೆ ಒಂದ್ ಮಾತೂ ವಾಪಸ್ ಬರ್ಲಿಲ್ಲ. ನನ್ ಕೋಟೆ ಸುಟ್ಟೋದ್ರೆ ಸುಟ್ಟೋಗ್ಲಿ ಬುಡ್ರಿ."

ಸುಮಾಳ ಮುಖ ಅರಳಿತು. "ಅವ್ರೇ ವಾಪಸ್ ತಗೊಂಡ್ರಲ್ಲಕ್ಕ."

ಅಲ್ಲಿಗೆ ಮುಗಿಸಬಹುದಿತ್ತು. ಹೋಳಿಗೆ ತಿಂದು, ಸಂಜೆಯ ಬಸ್ ಹಿಡಿದು ಬರಬಹುದಿತ್ತು. ನೀವಾಗಿದ್ದರೆ ಬರುತ್ತಿದ್ದಿರಲ್ಲವೇ? ನಿಜ ಹೇಳಿ.

ಆದರೆ ನನ್ನ ತಲೆಯಲ್ಲಿ ಕೊರಟಗೆರೆಯ ಗಂಡ-ಹೆಂಡತಿ ಕೂತಿದ್ದರು. ಗೊರವನಹಳ್ಳಿ ಗುಡಿಯ ಹತ್ತಿರ ಹೂವಿನ ಅಂಗಡಿ ಇಟ್ಟುಕೊಂಡವರು. ಅಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಹೆಂಡತಿ ಹೂ ಕಟ್ಟುವಾಗ ಕೈ ಬಿಡುವಿಲ್ಲ ಅಂತ ಗಂಡನೇ ಎರಡೂ ಕೋಟೆ ಆಡುತ್ತಿದ್ದ. ದೂರು ಬಂತು. ನಾನು ಹೆಂಡತಿಯ ಕೋಟೆ ತೆಗೆದೆ. "ನಿಯಮ ಅಂದ್ರೆ ನಿಯಮ ಅಲ್ವೇನಕ್ಕ, ಎಲ್ರಿಗೂ ಒಂದೇ ತಾನೇ?" ಅಂತ ಆ ಹೆಣ್ಣುಮಗಳು ಕೇಳಿದಳು. ಹೌದು, ಎಲ್ಲರಿಗೂ ಒಂದೇ ಅಂದಿದ್ದೆ.

ಸುಮಾಳಿಗೆ ಎರಡೂ ಕೋಟೆಯ ಗುಟ್ಟು ಗೊತ್ತು. ಅತ್ತೆಯ ಸೈನ್ಯ ಎಲ್ಲಿದೆ ಅಂತ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ತನ್ನ ಕೋಟೆ ಆಡಲು ಯಾರಿಂದ ಸಾಧ್ಯ? ದೂರು ವಾಪಸು ಪಡೆದವರು ಇಮ್ತಿಯಾಜ್ ಒಬ್ಬರು. ಸುತ್ತ ಇನ್ನೆಷ್ಟು ಕೋಟೆಗಳಿವೆ?

ನರಸಮ್ಮನವರೇ ಕೇಳಿದರು. "ಬೇರೆಯೋರಾಗಿದ್ರೆ ಏನ್ ಮಾಡ್ತಿದ್ದೆ ನೀನು?"

"ಒಂದು ಕೋಟೆ ತೆಗೀತಿದ್ದೆ ಅಮ್ಮ."

"ಮತ್ತೆ? ಮುದುಕಿ ಅಂತ ಬುಡ್ತೀಯಾ? ಕೈ ಬಿದ್ದೋಗೈತೆ ಅಂತ ಬುಡ್ತೀಯಾ? ವದ್ದು. ನನಗೆ ಬ್ಯಾಡ ಅಂಥ ಆಟ." ಎಡಗೈಯಿಂದ ಮಂಚದ ಅಂಚು ತಟ್ಟಿದರು. "ನಂದು ತೆಗಿ. ಇವ್ಳದು ನನಗಿಂತ ಮೊದಲಿನದು."

ಅವರ ಕಣ್ಣು ತುಂಬಿತ್ತು. ಆದರೂ ಗದ್ದ ಮೇಲೆತ್ತಿಕೊಂಡೇ ಇದ್ದರು.

ಸುಮಾ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತಳು. ತನ್ನ ಫೋನ್ ತೆರೆದು ತಂಗಡಿಗುಡ್ಡವನ್ನು ನನ್ನ ಮುಂದೆ ಹಿಡಿದಳು. ಎಷ್ಟು ಅಚ್ಚುಕಟ್ಟಾದ ಕೋಟೆ! ಸಾಲಾಗಿ ಕಣಜಗಳು. ಹೊಳೆಯ ಕಡೆಗೆ ಮಾತ್ರ ಗೋಡೆಯಿಲ್ಲ. ನನ್ನ ಹುಣಸೆಕೋಟೆ ಇದ್ದ ದಿಕ್ಕನ್ನು ತೆರೆದೇ ಬಿಟ್ಟಿದ್ದಳು.

"ನಂದೇ ತೆಗಿಯಕ್ಕ," ಅಂದಳು.

"ಸುಮಾ..."

"ನಾನು ಆಡ್ತಿದ್ದಿದ್ದೇ ನಿನ್ ಜೊತೆ ಇರಾಕೆ. ನೀನು ಅಡ್ಮಿನ್ ಆಗಿ ಹೋದ್ಮೇಲೂ ಯಾಕೆ ಬುಡ್ಲಿಲ್ಲ ಗೊತ್ತಾ? ಇವತ್ತಲ್ಲ ನಾಳೆ ಅಡ್ಮಿನ್‌ಗಿರಿ ಸಾಕಾಗಿ ವಾಪಸ್ ಬರ್ತೀಯ ಅಂತ. ಬಂದಾಗ ಆ ದಡದಾಗೆ ನಾನಿಲ್ದೇ ಇದ್ರೆ?" ಮಂಚದ ಕಡೆ ನೋಡಿದಳು. "ಅತ್ತೆಗೆ ಕೋಟೆ ಬೇಕೇ ಬೇಕು. ನಂಗೆ ನೀನು ಬೇಕಿತ್ತು, ಅಷ್ಟೇ. ಒತ್ತು."

ಅಡ್ಮಿನ್ ಪರದೆ ತೆರೆದೆ. ಆಟ ನನ್ನನ್ನು ಕೇಳಿತು: ಈ ಕೋಟೆ ತೆಗೆಯಬೇಕೇ? ಹೌದು ಅಂದೆ. ಮತ್ತೆ ಕೇಳಿತು: ಖಚಿತವೇ?

ಫೋನಿಗೂ ನನ್ನ ಮೇಲೆ ಅನುಮಾನ.

ಒತ್ತಿದೆ. ಗೋಡೆ, ಕಣಜ, ಬಾಗಿಲು ಒಂದೊಂದಾಗಿ ಅಳಿಸಿಹೋಗಿ, ಆ ಜಾಗದಲ್ಲಿ ಹಸಿರು ಹುಲ್ಲು ಮೂಡಿತು. ಸುಮಾ ಎದ್ದು ಅಡುಗೆಮನೆಗೆ ಹೋದಳು. ಹೋಳಿಗೆ ಮಗುಚುವ ಸದ್ದು ಮತ್ತೆ ಶುರುವಾಯಿತು.

ಇಮ್ತಿಯಾಜ್ ಅವರ ಕೋಟೆಯಿಂದ ಹೋದ ಕಾಳನ್ನು ವಾಪಸು ಕೊಡುವುದು ನನ್ನ ಕೆಲಸವಾಗಿತ್ತು. ಅವರು ಬೇಡವೆಂದರು. "ನನ್ ಕಾಳು ಅಮ್ಮನ ಹತ್ರಾನೇ ಇರ್ಲಿ. ಹೊಸದಾಗಿ ಕಟ್ತೀನಿ. ಹಿತ್ಲ ಬಾಗ್ಲು ಈ ಸಲ ಮುಚ್ಚೇ ಕಟ್ತೀನಿ. ಹುಷಾರು ಅಮ್ಮ."

"ಬಾರೋ, ನೋಡ್ತೀನಿ," ಅಂದರು ನರಸಮ್ಮನವರು.

ಊಟವಾಯಿತು. ಹೋಳಿಗೆಗೆ ತುಪ್ಪ ಧಾರಾಳವಾಗಿಯೇ ಬಿತ್ತು. ಇಮ್ತಿಯಾಜ್ ಮೊದಲು ಹೊರಟರು. ನನ್ನನ್ನು ಬಸ್ ಹತ್ತಿಸಲು ಸುಮಾ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಹೋಳಿಗೆಯ ಡಬ್ಬಿ ನನ್ನ ಕೈಗಿಟ್ಟು ಅಂದಳು:

"ನೀನು ಸರಿಯಾಗೇ ಮಾಡ್ದೆ ಅಕ್ಕ. ಅದೇ ಬೇಜಾರು. ತಪ್ಪು ಮಾಡಿದ್ದಿದ್ರೆ ಜಗಳನಾದ್ರೂ ಆಡ್ಬೋದಿತ್ತು."

ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದೆ. ಅವಳು ಕೈ ಬೀಸಲಿಲ್ಲ, ತಿರುಗಿ ಹೋಗಲೂ ಇಲ್ಲ. ನಿಂತೇ ಇದ್ದಳು.

ಸುದ್ದಿ ಗ್ರೂಪಿನಲ್ಲಿ ಹರಡಲು ಹೊತ್ತು ಬೇಕಾಗಲಿಲ್ಲ. "ಸ್ವಂತ ತಂಗೀದ್ನೇ ಬುಡ್ಲಿಲ್ಲ ನಮ್ ಮೇಡಂ!" ಅಂತ ಬರಗೂರಿನವರು ಬರೆದರು. ಕೊರಟಗೆರೆಯ ಹೂವಿನ ಅಂಗಡಿಯ ಹೆಣ್ಣುಮಗಳು ಗಂಡನ ಫೋನಿನಿಂದ ಕೈಮುಗಿಯುವ ಚಿತ್ರ ಹಾಕಿದಳು. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಬಂದವು. ಎಲ್ಲವನ್ನೂ ನೋಡಿದೆ. ಸುಮಾಳ ಒಂದೇ ಒಂದು ಚಿತ್ರಕ್ಕಾಗಿ ಮೇಲಿಂದ ಕೆಳಗೆ ಹುಡುಕಿದೆ. ಅವಳು ಗ್ರೂಪ್ ಬಿಟ್ಟಿದ್ದಳು. ಅಡ್ಮಿನ್ ಬಿಟ್ಟು ಕೋಟೆಯಿಲ್ಲದವರು ಗ್ರೂಪಿನಲ್ಲಿ ಇರಬಾರದು ಅನ್ನುವುದೂ ನಿಯಮವೇ.

ಒಮ್ಮೆ ಧೈರ್ಯ ಮಾಡಿ ಬರೆದೆ: "ಬೇರೆ ಯಾರಾದ್ರೂ ಅಡ್ಮಿನ್ ಆಗ್ತೀರಾ? ನಾನು ಸ್ವಲ್ಪ ದಿನ ಆಡ್ತೀನಿ." ಉತ್ತರಗಳು ದಬದಬ ಬಂದವು. ಮೇಡಂ ಬೇಡ. ನೀವು ಹೋದ್ರೆ ಮತ್ತೆ ಗಲಾಟೆ. ನೀವಿದ್ರೇನೇ ನಮಗೆ ನಂಬಿಕೆ. ಬಿಟ್ಟೇನು, ಆದರೆ ಇಷ್ಟು ಜನರ ನಂಬಿಕೆಯನ್ನು ಯಾರ ಕೈಗೆ ಕೊಟ್ಟು ಬಿಡಲಿ?

ನರಸಮ್ಮನವರು ಜೋರಾಗಿದ್ದಾರೆ. ಗೂಳಿಬೆಟ್ಟ ಈಗ ಸೀಮೆಯ ದೊಡ್ಡ ಕೋಟೆಗಳಲ್ಲೊಂದು. ಇಮ್ತಿಯಾಜ್ ಜೊತೆ ದಿನವೂ ಯುದ್ಧ, ವಾರಕ್ಕೊಂದು ಸಲ ಫೋನಿನಲ್ಲಿ ಬೈಗುಳ. ಮೊನ್ನೆ ಅವರು ಹಲಸಿನಹಣ್ಣು ತಗೊಂಡು ಪಾವಗಡಕ್ಕೆ ಹೋಗಿ ಬಂದರಂತೆ. ಅಡ್ಮಿನ್ ಪರದೆಯಲ್ಲಿ ಗೂಳಿಬೆಟ್ಟದ ಸೈನ್ಯ ಹೊರಟಾಗಲೆಲ್ಲ ನನಗೆ ಗೊತ್ತು, ಆ ಗುಂಡಿ ಒತ್ತಿದ ಬೆರಳು ನನ್ನ ತಂಗಿಯದು. ಅವಳು ಅಲ್ಲೇ ಇದ್ದಾಳೆ. ಆದರೆ ಅದು ಅವಳ ಆಟವಲ್ಲ, ಅತ್ತೆಯದು. ನಾನೂ ಅಲ್ಲೇ ಇದ್ದೇನೆ. ಅದು ನನ್ನ ಆಟವಲ್ಲ, ಎಲ್ಲರದು. ಹೊಳೆಯ ಎರಡು ದಡದಲ್ಲೂ ಹುಲ್ಲು. ಯಾರೂ ಅಲ್ಲಿ ಕೋಟೆ ಕಟ್ಟಿಲ್ಲ. ಜಾಗ ಚೆನ್ನಾಗಿಲ್ಲ ಅಂತೆ.

ಫೋನ್ ಮಾಡುತ್ತಾಳೆ, ಮಾಡುವುದಿಲ್ಲ ಅಂತಲ್ಲ. ಊಟ ಆಯ್ತಾ? ಆಯ್ತು. ಏನ್ ಸಾರು? ಹುರುಳಿಕಾಳು. ಒಮ್ಮೊಮ್ಮೆ ಮಧ್ಯೆ ಮಾತು ನಿಂತುಹೋಗುತ್ತದೆ. ಇಬ್ಬರೂ ಇಡುವುದಿಲ್ಲ. ಎರಡು ಸಾಲಿನಷ್ಟು ಹೊತ್ತು ಸುಮ್ಮನಿರುತ್ತೇವೆ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರೆ, ಯೋಚಿಸಿ ನೋಡಿ. ಅಣ್ಣತಮ್ಮಂದಿರ ಜಗಳ ಬಿಡಿಸುವ ದೊಡ್ಡಮ್ಮ. ಮದುವೆಮನೆಯಲ್ಲಿ ಎಲ್ಲರಿಗೂ ಸರಿಯಾಗಿ ಬಡಿಸಿ ಕೊನೆಯ ಪಂಕ್ತಿಗೆ ಒಬ್ಬರೇ ಕೂರುವ ಚಿಕ್ಕಪ್ಪ. ಬೀದಿ ಕ್ರಿಕೆಟ್ಟಿನಲ್ಲಿ ಯಾವಾಗಲೂ ಅಂಪೈರ್ ಆಗುವವನು. ಅವರು ಯಾರ ಕಡೆಯೂ ಅಲ್ಲ ಅಂತ ನಾವು ಹೊಗಳುತ್ತೇವೆ. ಅವರ ಕಡೆ ಯಾರಿದ್ದಾರೆ ಅಂತ ಕೇಳಿದ್ದೇವೆಯೇ?

ತಕರಾರು ಹುಟ್ಟಿದರೆ ಎಲ್ಲರಿಗೂ ನಾನು ಬೇಕು. "ಬಾರಕ್ಕ, ಒಂದಾಟ ಆಡೋಣ" ಅಂತ ಇನ್ನು ಯಾರು ಕರೆಯುತ್ತಾರೆ?